ಅತ್ತೆಯ ಕೈಯ ಸಾಸೇಜು

ಎಲ್ಲಕ್ಕೂ ಕಾರಣ ಊಟದ ನಡುವೆ ಮಾವ ಆಡಿದ ಒಂದು ಮಾತು.

"ಅವಳ ಕೈಯ ಸಾಸೇಜು ಇನ್ನೊಂದ್ಸಲ ನಾಲಿಗೆಗೆ ಬಿದ್ರೆ ಸಾಕು ಅಳಿಯಂದ್ರೇ. ಮಾರನೇ ದಿನವೇ ಪೆಟ್ಟಿಗೆ ಎತ್ಕೊಂಡು ನನ್ನ ಮನೆಗೆ ಹೊರಟುಬಿಡ್ತೀನಿ."

ಅತ್ತೆ ತೀರಿಕೊಂಡ ಮೇಲೆ ಎರಡು ದಿನ ಇದ್ದು ಹೋಗುತ್ತೇನೆಂದು ಬಂದ ಮಾವ, ವರ್ಷ ತಿರುಗುತ್ತ ಬಂದರೂ ಹೋಗಿರಲಿಲ್ಲ. ಮನೆಗಿದ್ದ ಒಂದೇ ಮಲಗುವ ಕೋಣೆ ಅವರ ಪಾಲಾಗಿತ್ತು. ಹಿಂದಿನ ಬಾಡಿಗೆದಾರರ ಕಾಲದಲ್ಲಿ ಅದು ಊಟದ ಕೋಣೆಯಾಗಿತ್ತಂತೆ; ಮಾವನಿಗೆ ಅದೇ ಬೆಚ್ಚಗೆ. ಮಗಳು ಹಾಲಿನಲ್ಲಿ ಸೋಫಾದ ಮೇಲೆ, ಅಳಿಯ ನಡುಹಾದಿಯಲ್ಲಿ ಮಡಚುಮಂಚದ ಮೇಲೆ. ಆ ಮಂಚಕ್ಕೆ ಮಡಚಿಕೊಳ್ಳುವುದೆಂದರೆ ಬಲು ಪ್ರೀತಿ. ಮಲಗಿದವನು ಮಗ್ಗುಲು ಬದಲಿಸಿದರೆ ಸಾಕು, ಪುಸ್ತಕದೊಳಗೆ ಸಿಕ್ಕ ನುಸಿಯಂತೆ ಅವನನ್ನು ಒಳಗಿಟ್ಟುಕೊಂಡೇ ಮುಚ್ಚಿಕೊಳ್ಳುತ್ತಿತ್ತು. ಇನ್ನು ಬೆಳಗಾದರೆ ಸೀಟಿ. ಮಾವ ಶಾಲೆಯಲ್ಲಿ ಡ್ರಿಲ್ ಮೇಷ್ಟ್ರಾಗಿದ್ದವರು; ನಿವೃತ್ತಿಯಾಗಿದ್ದದ್ದು ಅವರು, ಸೀಟಿಯಲ್ಲ.

ಅಳಿಯನನ್ನು ಬೀದಿಯವರು ಕರೆಯುತ್ತಿದ್ದದ್ದು ಬೀಗದವನು ಎಂದು. ಬೀದಿಯ ತುದಿಯಲ್ಲಿ ಅವನದೊಂದು ಬೀಗ ರಿಪೇರಿಯ ಅಂಗಡಿ. ತೆರೆಯದ ಬೀಗವಿಲ್ಲ ಎಂಬುದು ಅವನ ಹೆಮ್ಮೆ. ಮಾವನ ಮಾತು ಕೇಳಿದಾಗ ಅವನಿಗೆ ಅನ್ನಿಸಿದ್ದೂ ಅದೇ: ಬೀಗದ ಕೈ ಸಿಕ್ಕಿತು.

ಅಂಗಡಿಗೆ ರಜೆಯ ದಿನ ನೋಡಿ ಕೆಲಸಕ್ಕೆ ಇಳಿದ. ಅಂದು ಬೆಳಗಾದರೂ ಮಂಜು ಕರಗಲಿಲ್ಲ. ಎದುರುಮನೆ ಕಾಣದಾಯಿತು, ಬೀದಿಯಲ್ಲಿ ಹೆಜ್ಜೆಯ ಸದ್ದು ಬರುತ್ತಿತ್ತು, ನಡೆಯುವವರು ಕಾಣುತ್ತಿರಲಿಲ್ಲ. ಹೆಂಡತಿ ಅಂಚೆ ಕಚೇರಿಯ ಕೆಲಸಕ್ಕೆ ಹೊರಡುವ ಮುಂಚೆ, ಅಮ್ಮನ ಪಾಕ ತನಗೂ ಗೊತ್ತಿಲ್ಲ ಎಂದಳು. ಸಾಸೇಜು ಮಾಡುವ ದಿನ ಅಮ್ಮ ಅಡುಗೆಮನೆ ಸೇರಿ ಒಳಗಿನಿಂದ ಚಿಲಕ ಹಾಕಿಕೊಳ್ಳುತ್ತಿದ್ದಳಂತೆ. ಜೊತೆಗೆ ಅಪ್ಪ ಮಾತ್ರ, ಅದೂ ಖೀಮಾ ಮಿಷನ್ನಿನ ಹಿಡಿ ತಿರುಗಿಸಲು.

ಮಾವನನ್ನು ಕೇಳಿದರೆ, "ನನಗೇನು ಗೊತ್ತು? ಅದು ಅವಳ ರಾಜ್ಯ. ನಾನು ಬರೀ ಹಿಡಿ ತಿರುಗಿಸೋನು" ಎಂದು ಕೋಣೆಯ ಬಾಗಿಲು ಎಳೆದುಕೊಂಡರು.

ಬೀಗದವನು ಹಂದಿಯ ಭುಜದ ಮಾಂಸವನ್ನು ಕೊಬ್ಬಿನ ಸಮೇತ ತುಂಡರಿಸಿ, ತಣ್ಣಗೆ ಮಾಡಿ, ಮಿಷನ್ನಿಗೆ ಹಾಕಿ ತಿರುಗಿಸಿದ. ಒಣಮೆಣಸಿನ ಪುಡಿ, ಬೆಳ್ಳುಳ್ಳಿ, ಉಪ್ಪು, ವಿನೆಗರ್ ಸೇರಿಸಿ ಕಲಸಿದ. ಉಪ್ಪುನೀರಿನಲ್ಲಿ ನೆನೆದಿದ್ದ ಕರುಳಿನ ಕೊಳವೆಯನ್ನು ನಲ್ಲಿಯ ಬಾಯಿಗೆ ಹಿಡಿದು ತೊಳೆದಾಗ ಅದು ಜೀವ ಬಂದಂತೆ ಉಬ್ಬಿ, ಹೊರಳಿ, ಮಣಿಕಟ್ಟಿಗೆ ಸುತ್ತಿಕೊಂಡಿತು. ಕೋಣೆಯ ಹಾಸಿಗೆಯನ್ನು ನೆನೆದು ಧೈರ್ಯ ತಂದುಕೊಂಡ.

ಖೀಮಾವನ್ನು ಅದರೊಳಗೆ ತುಂಬುವುದೇನೋ ಆಯಿತು, ನಡುನಡುವೆ ಗಂಟು ಹಾಕುವುದು ಬರಲಿಲ್ಲ. ಒಂದು ತುಂಡು ಹೆಬ್ಬೆರಳಿನಷ್ಟು, ಇನ್ನೊಂದು ಮೊಳಕೈಯಷ್ಟು. ಒಟ್ಟು ಸರ, ಅಜೀರ್ಣವಾದ ಹಾವು ಒದ್ದಾಡಿ ಮಲಗಿದಂತೆ ಕಂಡಿತು. ಗೋಡೆಯ ಪಕ್ಕದ ಕಂಬಿಗೆ ಅದನ್ನು ನೇತುಹಾಕಿ, ಆರಲಿ ಎಂದು ಕಿಟಕಿ ಒಂಚೂರು ತೆರೆದಿಟ್ಟ. ಸಾಸೇಜನ್ನು ಬನ್ನಿನೊಳಗಿಟ್ಟು ಹಾಟ್ ಡಾಗ್ ಮಾಡುವ ಯೋಚನೆ; ಬನ್ನು ತರಬೇಕಿತ್ತು. ಮೇಲಿನ ಮನೆಯ ಮಹಡಿಯಮ್ಮನ ಬೆಕ್ಕನ್ನೂ ಮಾವನ ಬಾಯಿಯನ್ನೂ ನಂಬದೆ, ಅಡುಗೆಮನೆಯ ಬಾಗಿಲಿಗೆ ಅಂಗಡಿಯ ಏಳು ಲಿವರಿನ ಬೀಗ ಜಡಿದು, ಕೀಲಿ ಕಿಸೆಗಿಟ್ಟು ಹೊರಟ.

ಬನ್ನು ತಂದು ಬೀಗ ತೆರೆದವನು ಹೊಸ್ತಿಲಲ್ಲೇ ನಿಂತ.

ಕಂಬಿಯ ಮೇಲಿದ್ದದ್ದು ಅವನು ಬಿಟ್ಟುಹೋದ ಸರವಲ್ಲ. ಎಲ್ಲ ತುಂಡುಗಳೂ ಒಂದೇ ಅಳತೆ. ನಡುನಡುವೆ ದಾರದ ಗಂಟು, ಎಡಕ್ಕೆ ಎರಡು ಸುತ್ತು, ಕೊನೆಗೊಂದು ಸಣ್ಣ ಕುಣಿಕೆ. ಆ ಗಂಟು ಅವನಿಗೆ ಗೊತ್ತಿತ್ತು. ಅತ್ತೆಯ ಮನೆಯಿಂದ ಬರುತ್ತಿದ್ದ ಸಾಸೇಜಿನ ಪೊಟ್ಟಣಗಳಲ್ಲಿ ಅದನ್ನು ಬಿಚ್ಚಲಾರದೆ ಎಷ್ಟೋ ಸಲ ಕತ್ತರಿಸಿದ್ದ. ಕಿಟಕಿಯಿಂದ ಮಂಜು ಒಳಗೆ ಇಣುಕುತ್ತಿತ್ತು. ಗಾಳಿಯಿಲ್ಲದಿದ್ದರೂ ಸರ ಮೆಲ್ಲಗೆ ತೂಗುತ್ತಿತ್ತು.

ಬೀಗವನ್ನು ಬೆಳಕಿಗೆ ಹಿಡಿದು ನೋಡಿದ. ಒಂದು ಗೀರೂ ಇಲ್ಲ.

ಮಹಡಿಯಮ್ಮ ಮೆಟ್ಟಿಲಿಳಿದು ಬಂದದ್ದು ಆಗ. ಬೀದಿಯ ಸುದ್ದಿ ಪತ್ರಿಕೆಗೆ ಮುಂಚೆ ತಲುಪುವುದು ಆಕೆಗೆ. ಇಂದು ಮುಖ ಸುಣ್ಣದಂತಾಗಿತ್ತು. ಮೆಟ್ಟಿಲ ತಿರುವಿನಿಂದ ಇವರ ಅಡುಗೆಮನೆಯ ಕಿಟಕಿ ಕಾಣುತ್ತದೆ. ನೋಡಬೇಕೆಂದು ನೋಡಿದ್ದಲ್ಲ, ಕಣ್ಣು ಬಿತ್ತು ಎಂದು ಶುರುಮಾಡಿದಳು.

"ಗೋಡೆಯೊಳಗಿಂದ ಒಂದು ತೋಳು ಬಂತಪ್ಪಾ. ಬರೀ ತೋಳು. ಹಿಂದೆ ಮನುಷ್ಯ ಇಲ್ಲ. ನೇರಳೆ ಉಣ್ಣೆಯ ತೋಳು. ನಿಮ್ಮತ್ತೆ ಹಾಕ್ಕೊಂಡು ಬರ್ತಿದ್ರಲ್ಲ, ಮೊಳಕೈ ಹತ್ರ ತೇಪೆ ಇರೋದು, ಅದೇ ಸ್ವೆಟರು. ಗಂಟು ಹಾಕ್ತಾ ಕೂತಿತ್ತು."

"ಯಾರಿಗೂ ಹೇಳ್ಬೇಡಿ" ಎಂದ ಬೀಗದವನು. ಇಲ್ಲ ಎಂದು ಆಕೆ ಆಣೆ ಮಾಡಿದಳು. ಕೆಳಗಿನ ಕ್ಷೌರದಂಗಡಿಗೆ ಸುದ್ದಿ ಅಷ್ಟರೊಳಗೇ ತಲುಪಿಯಾಗಿತ್ತು.

ಮಧ್ಯಾಹ್ನ ಮಾವ ಕ್ಷೌರಕ್ಕೆ ಹೊರಟರು. ಮನೆಯಲ್ಲಿ ಬೀಗದವನು ಒಬ್ಬನೇ ಉಳಿದ. ಓಡಿಹೋಗುವ ಮನಸ್ಸಾಗಿತ್ತು, ಆದರೆ ಮಡಚುಮಂಚ ಕಣ್ಣೆದುರೇ ಬಾಯಿ ತೆರೆದು ನಿಂತಿತ್ತು. ದೆವ್ವ ಎಂದೋ ಒಂದು ದಿನ ಕಾಡುತ್ತದೆ, ಮಂಚ ದಿನವೂ ಕಾಡುತ್ತದೆ. ಅವನು ಒಲೆ ಹಚ್ಚಿದ.

ಸಾಸಿವೆಯನ್ನು ವಿನೆಗರಿನಲ್ಲಿ ಅರೆದು ಒಂದು ಸಾಸು ಮಾಡಿಟ್ಟ. ಇನ್ನೊಂದು ಖಾರದ್ದು. ಈರುಳ್ಳಿ ಬಾಡಿಸಿ, ಉಳಿದಿದ್ದ ಖೀಮಾ ಹುರಿದು, ಟೊಮೆಟೊ, ಮೆಣಸಿನ ಪುಡಿ, ಚೂರು ಸಕ್ಕರೆ ಹಾಕಿ ಸಣ್ಣ ಉರಿಯಲ್ಲಿ ಬಿಟ್ಟ. ಅದು ಗೊಜಗೊಜ ಎಂದು ಗುಳ್ಳೆ ಬಿಡುತ್ತ ಕಡುಗೆಂಪಾಗುತ್ತ ಬಂತು. ಚಮಚದಲ್ಲಿ ಎತ್ತಿ ನಾಲಿಗೆಗಿಟ್ಟುಕೊಂಡ.

"ಉಪ್ಪು ಸಾಲದು."

ಬಲಗಿವಿಯ ಹಿಂದೆಯೇ. ಕೂಗಲ್ಲ, ಪಿಸುಮಾತೂ ಅಲ್ಲ. ಪಕ್ಕದಲ್ಲಿ ನಿಂತವರು ಆಡುವಂಥ ಸಾಮಾನ್ಯ ಹೆಣ್ಣುದನಿ. ತಿರುಗಿ ನೋಡುವ ಧೈರ್ಯವಾಗಲಿಲ್ಲ. ಕೈ ತಾನಾಗಿ ಉಪ್ಪಿನ ಡಬ್ಬಿಗೆ ಹೋಗಿ ಒಂದು ಚಿಟಿಕೆ ಹಾಕಿತು.

"ಇನ್ನೂ."

ಇನ್ನೊಂದು ಚಿಟಿಕೆ ಹಾಕಿದ. ಬೇರೆ ಮಾತು ಬರಲಿಲ್ಲ. ಬೆನ್ನ ಹಿಂದೆ ಇಷ್ಟು ಹೊತ್ತು ಇದ್ದ ತಣ್ಣನೆಯದೊಂದು ಮಾತ್ರ ಪಕ್ಕಕ್ಕೆ ಸರಿಯಿತು. ಆಮೇಲೆ ಸಾಸೇಜು ಹುರಿಯುವಾಗ ಅವನ ಕೈ ಎಷ್ಟು ನಡುಗಿತೆಂದರೆ, ಬಾಣಲೆಯಲ್ಲಿ ಅವು ತಿರುವದೆಯೇ ತಿರುಗಿ ಎಲ್ಲ ಕಡೆ ಸಮನಾಗಿ ಬೆಂದವು.

ಸಂಜೆ ಹೆಂಡತಿ ಬರುವಷ್ಟರಲ್ಲಿ ಮಹಡಿಯಮ್ಮನೂ ಕ್ಷೌರಿಕನೂ ಹಾಲಿನಲ್ಲಿ ಕೂತಿದ್ದರು. ಯಾರೂ ಕರೆದಿರಲಿಲ್ಲ, ಹೆದರಿದವರಿಗೆ ಜೊತೆಯಾಗಲೆಂದು ಬಂದದ್ದಂತೆ. ಇಬ್ಬರ ಕಣ್ಣೂ ತಟ್ಟೆಯ ಮೇಲಿತ್ತು. ಬೀಗದವನು ಬನ್ನು ಸೀಳಿ, ಸಾಸೇಜು ಇಟ್ಟು, ಎರಡೂ ಸಾಸು ಸುರಿದು ಮಾವನ ಕೈಗೆ ಕೊಟ್ಟ.

ಮಾವ ಕಚ್ಚಿದರು. ಅಗಿದರು. ಅಗಿಯುವುದು ನಿಂತಿತು. ಹೊಸದಾಗಿ ಕೆರೆದ ಕೆನ್ನೆಯ ಮೇಲೆ ನೀರು ಇಳಿಯಿತು.

"ಅವಳದೇ" ಎಂದರು.

ಬೀಗದವನು ಕಾಯಲಿಲ್ಲ. ಕೋಣೆಗೆ ಹೋಗಿ ಮಂಚದ ಕೆಳಗಿನ ಪೆಟ್ಟಿಗೆ ಎಳೆದು ತಂದು ನಡುಮನೆಯಲ್ಲಿಟ್ಟ. ಅವಸರಕ್ಕೆ ಮುಚ್ಚಳ ತೆರೆದುಕೊಂಡಿತು. ಎಲ್ಲಕ್ಕೂ ಮೇಲೆ ನೇರಳೆ ಸ್ವೆಟರು. ಮೊಳಕೈ ಹತ್ತಿರ ತೇಪೆ. ತೋಳಿನ ತುದಿಯಲ್ಲಿ ಮೆಣಸಿನ ಪುಡಿಯ ಕೆಂಪು.

ಎಲ್ಲರೂ ಮಾವನನ್ನು ನೋಡಿದರು. ಡ್ರಿಲ್ ಮೇಷ್ಟ್ರು ಮೊದಲ ಬಾರಿಗೆ ತಲೆ ತಗ್ಗಿಸಿದರು. ಕೋಣೆಗೂ ಅಡುಗೆಮನೆಗೂ ನಡುವೆ ಒಂದು ಕಿಂಡಿಯಿದೆ, ಹಿಂದೆ ಊಟದ ಕೋಣೆಗೆ ತಟ್ಟೆ ದಾಟಿಸಲು ಮಾಡಿದ್ದು; ಹಲಗೆ ಮುಚ್ಚಿ ಗೋಡೆಯ ಬಣ್ಣವನ್ನೇ ಬಳಿದಿದ್ದಾರೆ. ಕಂಬಿ ಇರುವುದು ಅದರ ಪಕ್ಕದಲ್ಲೇ, ಹಲಗೆ ಸರಿಸಿ ತೋಳು ಚಾಚಿದರೆ ಸಿಗುವಂತೆ. ಬೀಗದವನು ಕಿವಿಯವರೆಗೆ ಕೆಂಪಾದ. ಬಾಗಿಲಿಗೆ ಏಳು ಲಿವರು ಹಾಕಿದವನು ಗೋಡೆಯನ್ನು ನೋಡಿರಲಿಲ್ಲ.

"ಅವಳಿಗೆ ಒಂದು ಗಂಟೂ ಹಾಕೋಕೆ ಬರ್ತಿರಲಿಲ್ಲ" ಎಂದರು ಮಾವ. "ಅಷ್ಟು ವರ್ಷ ಮಾಡಿದ್ದು ನಾನು. ಡ್ರಿಲ್ ಮೇಷ್ಟ್ರು ಮನೇಲಿ ಸಾಸೇಜು ತುಂಬ್ತಾನೆ ಅಂತ ಗೊತ್ತಾದ್ರೆ ಹುಡುಗರು ಸೀಟಿಗೆ ಹೆದರ್ತಿದ್ರಾ? ಅದಕ್ಕೇ ಚಿಲಕ. ನಿಮ್ಮ ಕೈಲಿ ಆಗಲ್ಲ ಅನ್ನೋ ನಂಬಿಕೆ ಮೇಲೇ ಆ ಮಾತು ಆಡಿದ್ದು ಅಳಿಯಂದ್ರೇ. ಆದ್ರೆ ನೀವು ಹಾಕಿದ ಗಂಟು ನೋಡಿ ಕೈ ಸುಮ್ನಿರಲಿಲ್ಲ. ಕೋಣೇಲಿ ಒಬ್ಬನೇ ಇರುವಾಗ ಅವಳ ಸ್ವೆಟರು ಹಾಕ್ಕೊಳ್ತೀನಿ. ಅದನ್ನ ತೆಗೆಯೋದು ಮರೆತೆ."

ಮಹಡಿಯಮ್ಮನಿಗೆ ನಿರಾಸೆಯಾಯಿತು. ಬೀಗದವನಿಗೆ ಹೋದ ಜೀವ ಬಂತು. ನಕ್ಕು, ಎಲ್ಲ ಸರಿ, ಆದರೆ ಕ್ಷೌರದ ನಡುವೆ ಸದ್ದಿಲ್ಲದೆ ವಾಪಸು ಬಂದು ಕಿಂಡಿಯಿಂದ ಹಾಗೆ ಹೆಣ್ಣುದನಿಯಲ್ಲಿ ಹೆದರಿಸಬಾರದಿತ್ತು ಎಂದ.

"ಯಾವ ದನಿ?"

"ಉಪ್ಪು ಸಾಲದು ಅಂದ್ರಲ್ಲ, ಮಧ್ಯಾಹ್ನ."

ಕ್ಷೌರಿಕ ಬನ್ನನ್ನು ಬಾಯಿಯಿಂದ ಇಳಿಸಿದ. "ಮಧ್ಯಾಹ್ನ ಪೂರ್ತಿ ಇವರು ನನ್ನ ಕುರ್ಚಿಲಿದ್ರು. ಮುಖದ ತುಂಬ ನೊರೆ."

ಕಿಟಕಿಯಾಚೆ ಮಂಜು ಗಾಜಿಗೆ ಮುಖವೊತ್ತಿ ನಿಂತಂತಿತ್ತು. ಮಾವ ಮಾತ್ರ ಹೆದರಿದಂತೆ ಕಾಣಲಿಲ್ಲ.

"ಒಂದ್ಸಲ ಅಂದ್ಲಾ, ಎರಡು ಸಲಾನಾ?"

"ಎರಡು. ಎರಡನೇ ಸಲ 'ಇನ್ನೂ' ಅಂತ."

"ಅವಳೇ" ಎಂದರು ಮಾವ, ಮದುವೆಮನೆಯಲ್ಲಿ ಪರಿಚಿತರು ಸಿಕ್ಕವರಂತೆ. "ಜೀವಮಾನವಿಡೀ ಅಡುಗೆಮನೇಲಿ ಅವಳು ಮಾಡಿದ ಕೆಲಸ ಅದೊಂದೇ. ರುಚಿ ನೋಡೋದು, ಉಪ್ಪು ಸಾಲದು ಅನ್ನೋದು. ಖಾರ ನಂದು, ಉಪ್ಪು ಅವಳದು. ಅದಿಲ್ಲದೇ ನನ್ನ ಮನೇಲಿ ಏನೂ ರುಚಿಸ್ತಿರಲಿಲ್ಲ."

ಎದ್ದು ಪೆಟ್ಟಿಗೆಯ ಮುಚ್ಚಳ ಹಾಕಿ, ಅದನ್ನು ಎತ್ತಿಕೊಂಡು ಹೋಗಿ ಮೊದಲಿದ್ದಲ್ಲೇ ಮಂಚದ ಕೆಳಗೆ ತಳ್ಳಿದರು. ಅವಳು ಇಲ್ಲಿಗೆ ಬಂದಿರುವಾಗ ತಾನು ಅಲ್ಲಿಗೆ ಹೋಗಿ ಮಾಡುವುದೇನು ಎಂಬುದು ಅವರ ಪ್ರಶ್ನೆ. ಮಗಳು ಕಣ್ಣೊರೆಸಿಕೊಂಡು ಗಂಡನ ಕಡೆ ತಿರುಗಿದಳು.

"ರೀ, ನಿಮ್ಮ ಮಂಚ ಅಡುಗೆಮನೆ ದಾರೀಲೇ ಇದೆ. ಅಮ್ಮ ಓಡಾಡೋ ಜಾಗ. ಅಂಗಡೀಲಿ ಹಾಕ್ಕೊಳ್ಳಿ."

ಒಬ್ಬ ಮಾವ ಹೋಗಲೆಂದು ಬೆಳಗ್ಗೆ ಸೊಂಟ ಕಟ್ಟಿದವನಿಗೆ ಸಂಜೆಯೊಳಗೆ ಅತ್ತೆಯೂ ಗಂಟುಬಿದ್ದಿದ್ದಳು. ಬೀಗದವನು ಮಂಚ ಮಡಚಿ ಹೆಗಲಿಗೇರಿಸಿದ. ಹೊರಡುವಾಗ ಅಡುಗೆಮನೆಯ ಬಾಗಿಲು ಮೆಲ್ಲಗೆ ಮುಚ್ಚಿಕೊಂಡಿತು. ಒಳಗಿನಿಂದ ಚಿಲಕ ಜಾರಿದ ಸದ್ದಾಯಿತು.

ಮಾವ ನೇರಳೆ ಸ್ವೆಟರಿನ ತೋಳು ಮಡಚುತ್ತ ಕೋಣೆಯಿಂದ ಬಂದರು. "ಹಿಡಿ ತಿರುಗಿಸೋರು ಬೇಕಲ್ಲ" ಎಂದು ಬಾಗಿಲಿಗೆ ಎರಡು ಸಲ ತಟ್ಟಿದರು. ಚಿಲಕ ತೆರೆಯಿತು, ಮಾವ ಒಳಗೆ ಹೋದರು, ಚಿಲಕ ಮತ್ತೆ ಬಿತ್ತು. ಖೀಮಾ ಮಿಷನ್ನು ಕಿರ್ ಕಿರ್ ಎಂದು ತಿರುಗತೊಡಗಿತು.

ತಾನು ತೆರೆಯಲಾರದ ಬೀಗವೇ ಬೀದಿಯಲ್ಲಿಲ್ಲ ಎನ್ನುತ್ತಿದ್ದವನು ಹೆಗಲ ಮೇಲೆ ಮಂಚ ಹೊತ್ತು ಆ ಬಾಗಿಲನ್ನೇ ನೋಡುತ್ತ ನಿಂತ. ಚಿಲಕಕ್ಕೆ ಕೀಲಿ ಇರುವುದಿಲ್ಲ.