ಯಕ್ಷರಾಜನ ಹರಿವಾಣದಿಂದ ನಾನೆತ್ತಿದ ವೀಳ್ಯ

ಇನ್ನು ಮೇಲೆ ಯಾರ ಮುಖವನ್ನೂ ನೋಡೆನೆಂದು ನಾನು ಪ್ರತಿಜ್ಞೆಗೈದಾಗ, ನನ್ನನ್ನು ಕದಲಿಸಬಲ್ಲ ಶಕ್ತಿಯು ಈ ಭೂಮಂಡಲದಲ್ಲಿಲ್ಲವೆಂದೇ ನಂಬಿದ್ದೆ! ಹೊನ್ನಾಳಿ, ನ್ಯಾಮತಿ, ಜಗಳೂರು ಎಂದು ಕಚೇರಿಯಿಂದ ಕಚೇರಿಗೆ ವರ್ಗವಾಗುತ್ತ, ಗುಮಾಸ್ತನಾಗಿ ಜನಜಂಗುಳಿಯ ನಡುವೆಯೇ ಯೌವನವನ್ನು ಸವೆಸಿದವನು ನಾನು. ಕೊನೆಗೆ ರಾಜೀನಾಮೆಯಿತ್ತು, ಸಂತೇಬೆನ್ನೂರಿನ ನಮ್ಮ ಮನೆಯ ಅಟ್ಟವನ್ನೇರಿ, ಶಿವಸ್ಮರಣೆಯಲ್ಲಿಯೂ ಹಳೆಯ ಕಾವ್ಯಗಳ ಪಾರಾಯಣದಲ್ಲಿಯೂ ಮುಳುಗಿದ್ದೆ.

ಶ್ರೀಮುಖ ಸಂವತ್ಸರದ ಸೂರ್ಯಗ್ರಹಣದಂದು ಸ್ನಾನಕ್ಕೆಂದು ನನ್ನನ್ನು ಪುಷ್ಕರಿಣಿಗೆ ಎಳೆದೊಯ್ದವಳು ಧರ್ಮಪತ್ನಿ ಹೊನ್ನೂರಮ್ಮ. ಕೈಕೈ ಹಿಡಿದು ಮುಳುಗಿದೆವು. ಎದ್ದು ನೋಡಿದರೆ ಮೆಟ್ಟಿಲುಗಳೆಲ್ಲ ಪಚ್ಚೆ, ಆಕಾಶವು ನೇರಳೆ, ದಡದಲ್ಲಿ ನಿಂತವರಾರಿಗೂ ನೆರಳಿಲ್ಲ. ಯಕ್ಷಲೋಕ!

ಮರಳುವ ದಾರಿಯನ್ನು ಹುಡುಕಿ ಸೋತ ಮೇಲೆ ಹೊನ್ನೂರಮ್ಮ ಸೆರಗನ್ನು ಹಿಂಡಿಕೊಂಡು ಹೇಳಿದಳು:

"ಆತು ಬಿಡ್ರಿ. ಇಲ್ಲಿ ನಿಮ್ ಗುರ್ತಿನೋರು ಯಾರೂ ಇಲ್ಲ. ಇಲ್ಲಾದ್ರೂ ನಾಕು ಜನ್ರಂಗೆ ಬದುಕಾಕೆ ಏನಡ್ಡಿ?"

ಗುರುತಿನವರಿಲ್ಲವೆಂದ ಮೇಲೆ ಗುರುತು ಮಾಡಿಕೊಳ್ಳುವ ಅಗತ್ಯವೂ ಇಲ್ಲವಲ್ಲವೇ? ಊರಾಚೆ ಒಂಟಿಮನೆಯೊಂದನ್ನು ಬೇಡಿಕೊಂಡು, ಬಾಗಿಲಿಗೆ ಅಗುಳಿಯಿಕ್ಕಿ, ಹೊಸ ಬಾಳನ್ನು ನಿರ್ಮಲವಾಗಿ ಆರಂಭಿಸುವೆನೆಂದು ನಿಶ್ಚಯಿಸಿದೆ. ಆದರೆ ಮನೆಯನ್ನು ಕೊಡಬೇಕಾದವನು ಯಕ್ಷರಾಜ. ಒಂದೇ ಒಂದು ಬಾರಿ ಅವನ ಓಲಗಕ್ಕೆ ಹೋಗಲೇಬೇಕಾಯಿತು.

ಕಂಬದ ಮರೆಯಲ್ಲಿ ನಿಂತು ನನ್ನ ಸರದಿಗೆ ಕಾದಿದ್ದೆ. ಸಭೆಯು ಉಸಿರು ಬಿಗಿಹಿಡಿದಂತಿತ್ತು. ಬೆಳ್ಳಿಯ ಹರಿವಾಣವೊಂದು ವೀರರಿಂದ ವೀರರಿಗೆ ಸಾಗುತ್ತಿತ್ತು, ಅದರಲ್ಲಿ ಎಲೆಯಡಿಕೆ. ಭುಜಕೀರ್ತಿಗಳನ್ನು ಧರಿಸಿದ ಆ ಮಹಾಶಯರು ಅದನ್ನು ಮುಟ್ಟದೆ ತಲೆ ತಗ್ಗಿಸುತ್ತಿದ್ದರು. ಎಂತಹ ಅನಾಗರಿಕತೆ! ನಮ್ಮ ಚನ್ನಗಿರಿಯ ಸೀಮೆಯಲ್ಲಿ ಮುಂದೆ ಹಿಡಿದ ಎಲೆಯಡಿಕೆಯನ್ನು ಒಲ್ಲೆನೆಂದರೆ ಹಗೆತನವನ್ನು ಸಾರಿದಂತೆಯೇ. ಸೀಮೆಯ ಮಾನವನ್ನು ಉಳಿಸಬೇಕೆಂಬ ಘನವಾದ ಉದ್ದೇಶದಿಂದಲೂ, ಅಡಿಕೆಯ ಮುಖವನ್ನು ಕಾಣದೆ ಬಹುದಿನಗಳಾಗಿದ್ದುದರಿಂದಲೂ, ಹರಿವಾಣವು ನನ್ನ ಕಂಬದ ಬಳಿಗೆ ಬಂದೊಡನೆ ನಾನು ಕೈ ನೀಡಿ ಎತ್ತಿ ಬಾಯಿಗಿಟ್ಟುಕೊಂಡೆ. ಸುಣ್ಣ ತುಸು ಕಡಮೆಯೆಂದು ಪಕ್ಕದ ಮಂತ್ರಿಗೂ ತಿಳಿಸಿದೆ.

ಶಂಖಗಳು ಮೊಳಗಿದವು.

ಅದು ರಣವೀಳ್ಯ! ನಗರಕ್ಕೆ ನೀರುಣಿಸುವ ಬುಗ್ಗೆಯಿದ್ದ ಗುಹೆಯಲ್ಲಿ ಒಬ್ಬ ರಾಕ್ಷಸನು ಸೇರಿಕೊಂಡಿದ್ದನಂತೆ. ಯಾರೇ ಸಮೀಪಿಸಿದರೂ ಬಂಡೆ ಸೀಳುವಂತೆ ಗರ್ಜಿಸುವನಂತೆ. ವೀಳ್ಯವನ್ನು ಹಿಡಿದವನು ಸೂರ್ಯಾಸ್ತದೊಳಗೆ ಅವನನ್ನು ಹೊರಗೆ ತರಬೇಕು. ತರದಿದ್ದರೆ ತನ್ನ ತಲೆಯನ್ನು ಕೊಡಬೇಕು. ಮಂತ್ರಿಯು ಇದನ್ನೆಲ್ಲ ಬಹು ವಿನಯದಿಂದ ವಿವರಿಸಿದನು. ಉಗಿಯಬಹುದೇ ಎಂದು ಕೇಳಿದೆ. ಆಗದೆಂದನು.

ಸುದ್ದಿಯನ್ನು ಕೇಳಿ ಓಡಿಬಂದ ಹೊನ್ನೂರಮ್ಮನ ಮುಖವು ಬಿಳಿಚಿಕೊಂಡಿತ್ತು. ಆದರೂ ನಾಲಗೆ ಸುಮ್ಮನಿರಲಿಲ್ಲ.

"ಅಟ್ಟದಾಗೆ ಕುಂತು ಹಗಲೂ ರಾತ್ರಿ ಓದಿದ್ದು ಇದ್ನೇ ಅಲ್ವೇನ್ರಿ? ವೀಳ್ಯ ಹಿಡಿದೋನ ಗತಿ ಏನಾಕೈತೆ ಅಂತ ಒಂದು ಪುಸ್ತಕದಾಗೂ ಬರ್ದಿರಲಿಲ್ವಾ?"

ಎಲ್ಲದರಲ್ಲಿಯೂ ಬರೆದಿತ್ತು. ಓದಿದುದು ತಲೆಯಲ್ಲಿತ್ತು, ಹರಿವಾಣಕ್ಕೆ ಹೋದದ್ದು ಕೈ.

ಸೇನೆಯೂ ರಾಜನೂ ಗುಹೆಯ ಮುಂದೆ ನೆರೆದರು. ನನ್ನ ಕೈಗೊಂದು ಖಡ್ಗವನ್ನಿತ್ತರು. ಅದು ನನಗಿಂತ ಭಾರವಾಗಿದ್ದುದರಿಂದ ಬಾಗಿಲಲ್ಲಿಯೇ ಒರಗಿಸಿ, ಪಂಚಾಕ್ಷರಿಯನ್ನು ಜಪಿಸುತ್ತ ಒಳಹೊಕ್ಕೆ. ಕಗ್ಗತ್ತಲು. ನೀರಿನ ಸದ್ದು. ಅದರಾಚೆ ತಿದಿಯೊತ್ತಿದಂತಹ ಉಸಿರು. ಪರರ ಸುಳಿವು ಸಿಕ್ಕಿದೊಡನೆ ಮೂಲೆ ಸೇರುವುದು ನನಗೆ ರಕ್ತಗತವಾದ ವಿದ್ಯೆ. ಸದ್ದಿಲ್ಲದೆ ಒಂದು ಬಂಡೆಗೆ ಆತುಕೊಂಡೆ. ಬಂಡೆಯು ಬೆಚ್ಚಗಿತ್ತು. ಅದು ಬಂಡೆಯಲ್ಲ, ರಾಕ್ಷಸನ ಬೆನ್ನು!

ಇನ್ನೇನು ಗರ್ಜಿಸುವನು, ನುಂಗುವನು ಎಂದು ಕಣ್ಣು ಮುಚ್ಚಿದೆ. ಅವನು ಗೋಡೆಯ ಕಡೆಗೆ ತಿರುಗಿಕೊಂಡೇ ಪಿಸುಗುಟ್ಟಿದನು:

"ಎಲ್ಲರೂ ಹೋದರೇ?"

"ಇಲ್ಲ," ಎಂದೆ.

ಅವನು ನಿಟ್ಟುಸಿರಿಟ್ಟು, ತುಸು ಸರಿದು, ನನಗೂ ಕೂರಲು ಜಾಗ ಮಾಡಿಕೊಟ್ಟನು. ನೆಂಟರು ಬಂದಾಗಲೆಲ್ಲ ಅಟ್ಟದ ಕಿಂಡಿಯಿಂದ ನಾನು ಹೊನ್ನೂರಮ್ಮನನ್ನು ಕೇಳುತ್ತಿದ್ದುದೂ ಅದೇ ಮಾತು, ಅದೇ ದನಿ. ಇಂತಹವನನ್ನು ಹೊರಗೆ ಬಾರೆಂದು ಹೇಗೆ ಕರೆಯಲಿ? ಕರೆಯದಿದ್ದರೆ ನನ್ನ ತಲೆ! ಗುಹೆಯ ಬಾಯಲ್ಲಿದ್ದ ಬೆಳಕು ಕೆಂಪಾಯಿತು. ಹೊರಗೆ ಖಡ್ಗವನ್ನು ಮಸೆಯುವ ಸದ್ದು ಕೇಳತೊಡಗಿತು. ಆಗ ಆ ಸದ್ದನ್ನು ಮೀರಿ ಹೊನ್ನೂರಮ್ಮನ ದನಿ ಎದ್ದಿತು.

"ಮೊದ್ಲು ಅದ್ನ ನಿಲ್ಲಿಸ್ರಿ. ಹಿಂಗೆ ಗದ್ಲ ಮಾಡಿದ್ರೆ ಯಾರಾದ್ರೂ ಹೊರಗೆ ಬರ್ತಾರಾ? ಎಲ್ರೂ ಆ ಕಡೆ ಮಕ ಮಾಡ್ರಿ. ಮಾಸ್ವಾಮಿ, ನೀವೂನೂವೆ."

ಯಕ್ಷಸೇನೆಯು, ಕಿರೀಟಸಮೇತನಾದ ರಾಜನೂ ಸೇರಿ, ಬೆನ್ನು ತಿರುಗಿಸಿತು. ಅವಳು ಸೇನೆಯ ಒಲೆಯಲ್ಲಿ ತಾನೇ ಬೇಯಿಸಿದ ಬಿಸಿರೊಟ್ಟಿ, ಬದನೆಕಾಯಿ ಪಲ್ಯಗಳ ತಟ್ಟೆಯನ್ನು ಗುಹೆಯ ಬಾಯಲ್ಲಿಟ್ಟು, ಒಂದು ಮಾತನ್ನೂ ಆಡದೆ, ತಾನೂ ಆಚೆ ತಿರುಗಿ ಕುಳಿತಳು. ಬಹಳ ಹೊತ್ತು ಏನೂ ಆಗಲಿಲ್ಲ. ಅನಂತರ ನನ್ನ ಪಕ್ಕದ ಕತ್ತಲೆಯು ಮೆಲ್ಲನೆ ಕದಲಿತು. ರಾಕ್ಷಸನು ತುದಿಗಾಲಲ್ಲಿ ನಡೆದು, ಹೊಸ್ತಿಲನ್ನು ದಾಟಿ, ಬಯಲಲ್ಲಿ ಕುಳಿತು ರೊಟ್ಟಿಯನ್ನು ಮುರಿದನು. ಸೂರ್ಯನು ಇನ್ನೂ ಮುಳುಗಿರಲಿಲ್ಲ.

ಮಹಾವೀರರಿಗೆ ದಕ್ಕದ ಈ ವಿದ್ಯೆಯನ್ನು ಯಾವ ಗುರುವಿನಲ್ಲಿ ಕಲಿತೆಯೆಂದು ಯಕ್ಷರಾಜನು ಬೆನ್ನು ತಿರುಗಿಸಿಕೊಂಡೇ ಅವಳನ್ನು ಕೇಳಿದನು.

"ಗುರು ಯಾಕೆ ಬೇಕು ಮಾಸ್ವಾಮಿ? ನಮ್ಮನೇಲೂ ಇಂಥದ್ದೊಂದೈತೆ," ಎಂದಳು ಹೊನ್ನೂರಮ್ಮ. "ಇನ್ನೂ ಒಳಗೇ ಐತೆ. ಒಂದೀಟು ಹಂಗೇ ಆ ಕಡೆ ನೋಡ್ಕಂತಿರ್ರಿ."