ಬಾಗಿಲಿಗೆ ಬಂದ ವಿಮಾನವನ್ನು ಹೊರಗೆ ನಿಲ್ಲಿಸದ ತಪ್ಪಿನ ಬಗ್ಗೆ

ಮಾನ್ಯರಲ್ಲಿ ಮಾನ್ಯರಾದ, ಕಣ್ಣಾರೆ ಕಾಣದಿದ್ದರೂ ಕಿವಿತುಂಬ ಕೇಳಿರುವ, ಗಗನಬಂಧು ಬಳಗದ ಮುಖ್ಯ ಪರೀಕ್ಷಕ ಮಹಾಶಯರೇ,

ಬನಹಟ್ಟಿಯ ಪೂರ್ಣಿಮಾ ಮಾಡುವ ಶರಣು ಶರಣಾರ್ಥಿಗಳು. ಮೈಸೂರಿನಲ್ಲಿ ತಾವು, ತಮ್ಮ ಮನೆಮಂದಿ, ತಮ್ಮ ಕಂಪ್ಯೂಟರು ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ನಾವೂ ಇಲ್ಲಿ ಕ್ಷೇಮ. ಹೋದ ವಾರ ನನ್ನ ಕೈಗೆ ಸಿಕ್ಕ ಎರಡು ವಿಮಾನಗಳು ಮಾತ್ರ ಕ್ಷೇಮವಾಗಿಲ್ಲ, ಆದರೆ ಅವುಗಳ ಸುದ್ದಿ ತಮಗೆ ನನಗಿಂತ ಚೆನ್ನಾಗಿ ಗೊತ್ತಿದೆ.

ಈ ಪತ್ರವನ್ನು ಬಳಗದ ಅಂತರಜಾಲದ ಗೋಡೆಯ ಮೇಲೆ ಎಲ್ಲರ ಕಣ್ಣಿಗೂ ಬೀಳುವಂತೆ ಹಚ್ಚುತ್ತಿರುವುದರಿಂದ, ಓದಲು ಬರುವ ನಮ್ಮ ಓಣಿಯವರ ಸಲುವಾಗಿ ಒಂದು ಮಾತು. ಗಗನಬಂಧು ಎಂದರೆ ಮನೆಯಲ್ಲೇ ಕಂಪ್ಯೂಟರಿನ ಮುಂದೆ ಕೂತು ವಿಮಾನ ಹಾರಿಸುವವರ ಸಂಘ. ಅವರು ಹಾರಿಸುವಾಗ ಇನ್ನೊಬ್ಬರು, ಅವರೂ ತಮ್ಮ ಮನೆಯ ಕಂಪ್ಯೂಟರಿನ ಮುಂದೆಯೇ ಕೂತು, ಕಂಟ್ರೋಲ್ ಟವರಿನವರಾಗಿ ಏಳಿರಿ, ಇಳಿಯಿರಿ, ಅಲ್ಲೇ ಸುತ್ತುತ್ತಿರಿ ಎಂದು ಅಪ್ಪಣೆ ಕೊಡುತ್ತಾರೆ. ವಿಮಾನ ಸುಳ್ಳು, ನಿಲ್ದಾಣ ಸುಳ್ಳು, ಅಪ್ಪಣೆ ಮಾತ್ರ ಖರೆ. ಇಷ್ಟೆಲ್ಲ ಕನ್ನಡದಲ್ಲೇ ನಡೆಯುವಂತೆ ಮಾಡಿದ್ದಕ್ಕೆ ತಮಗೆ ಪುಣ್ಯ ಬರಲಿ.

ನಾನು ಇದರೊಳಗೆ ಬಿದ್ದದ್ದು ನಮ್ಮ ಮನೆಯವರ ದೆಸೆಯಿಂದ. ಅವರ ಹೆಸರು ಸಂಜಯ. ಹಗಲೆಲ್ಲ ಪವರ್‌ಲೂಮಿನ ಮೇಲೆ ಸೀರೆ ನೇಯ್ದು, ಸಂಜೆಯಾದರೆ ಗೋವಾಕ್ಕೆಂದು ವಿಮಾನ ಎಬ್ಬಿಸಿ ಮುಧೋಳದ ಕಬ್ಬಿನಲ್ಲಿ ಬೀಳುವುದು ಅವರ ದಿನಚರಿಯಾಗಿತ್ತು. ನಾನು ಪಕ್ಕದಲ್ಲಿ ಕೂತು ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುತ್ತ, ಎಡಕ್ಕೆ ಹೊರಳಿಸಿ, ಅಯ್ಯೋ ಮ್ಯಾಲೆ ಎತ್ತಿ ಅನ್ನುತ್ತಿದ್ದೆ, ಅವರು ಎಂದಿನಂತೆ ಕೇಳುತ್ತಿರಲಿಲ್ಲ. ಒಂದು ದಿನ ಹರಿದ ಎಳೆ ಕಟ್ಟಲು ಅವರು ಮಗ್ಗದ ಕಡೆ ಎದ್ದುಹೋದಾಗ ಕಿವಿಗೆ ಹಾಕುವ ಆ ಯಂತ್ರವನ್ನು ನಾನು ಹಾಕಿಕೊಂಡೆ. ಟವರಿನಲ್ಲಿ ಕೂತ ಯಾವಳೋ ಹೆಣ್ಣುಮಗಳು ಒಂದು ಮಾತು ಹೇಳಿದಳು. ಆ ಕಡೆಯ ಪೈಲಟ್ ಮಹಾಶಯ ಆ ಮಾತನ್ನು ಒಂದಕ್ಷರ ಬಿಡದೆ ಕೇಳಿ, ಒಂದಕ್ಷರ ಬಿಡದೆ ತಿರುಗಿ ಅವಳಿಗೇ ಒಪ್ಪಿಸಿ, ಆಮೇಲೆ ಹಾಗೆಯೇ ಮಾಡಿದ.

ಮಾನ್ಯರೇ, ನಾನು ಕಂಡಿಕೆ ಕೆಳಗಿಟ್ಟೆ. ನಾಲ್ಕು ಮಗ್ಗಗಳ ಸದ್ದಿನ ನಡುವೆ ಸಂಸಾರ ಮಾಡಿದವಳು ನಾನು. ನಮ್ಮಲ್ಲಿ ಹೇಳಿದ ಮಾತು ಅರ್ಧ ಮಗ್ಗಕ್ಕೆ, ಅರ್ಧ ಗಾಳಿಗೆ. ಅಕ್ಕಿ ತನ್ನಿ ಅಂದರೆ ಅವಲಕ್ಕಿ ಬರುತ್ತದೆ, ಬೇಗ ಬನ್ನಿ ಅಂದರೆ ಯಾರೂ ಬರುವುದಿಲ್ಲ. ಹೆಂಗಸಿನ ಮಾತನ್ನು ಪೂರ್ತಿ ಕೇಳಿ ತಿರುಗಿ ಒಪ್ಪಿಸಬೇಕು ಎಂಬ ಕಾನೂನು ಇರುವ ಜಾಗ ಈ ಭೂಮಿಯ ಮೇಲಿಲ್ಲ, ಆಕಾಶದಲ್ಲಿದೆ ಎಂದು ತಿಳಿದ ದಿನ ನನಗೆ ಕುಣಿಯುವಷ್ಟು ಖುಷಿಯಾಯಿತು. ಮರುದಿನದಿಂದಲೇ ಆ ಕಾನೂನನ್ನು ಮನೆಯಲ್ಲೂ ಜಾರಿ ಮಾಡಿದೆ. ಈಗ ನಮ್ಮ ಮನೆಯವರು ಚೀಲ ಹಿಡಿದು ಹೊಸ್ತಿಲ ಮೇಲೆ ನಿಂತು, "ಜ್ವಾಳಾ ಬೀಸಿಕೊಂಡ ಬರತೇನಿ, ಪೂರ್ಣಿಮಾ ಟವರ್" ಎಂದು ಒಪ್ಪಿಸದೆ ಗಿರಣಿಗೆ ಹೋಗುವಂತಿಲ್ಲ. ಅವರು ಹೋಗಿ ಜೋಳದ ಹಿಟ್ಟನ್ನೇ ತರುತ್ತಿದ್ದಾರೆ.

ಹೀಗೆ ನಾನು ತಮ್ಮ ಬಳಗದ ವಿದ್ಯಾರ್ಥಿನಿಯಾದೆ. ಮೊದಮೊದಲು ನೆಲದ ಮೇಲಿನ ವಿಮಾನಗಳನ್ನಷ್ಟೇ ಹಿಂದೆ ಮುಂದೆ ಸರಿಸುವ ಕೆಲಸ ಕೊಟ್ಟಿರಿ, ಅದನ್ನು ದನ ಕಟ್ಟಿದಷ್ಟು ಸಲೀಸಾಗಿ ಮಾಡಿದೆ. ನನ್ನ ದನಿ ದೊಡ್ಡದಾಯಿತೆಂದು ಕೆಲವರು ದೂರಿದ್ದು ನಿಜ. ಮಗ್ಗದ ಮನೆಯವರು ಪಿಸುಮಾತಾಡಿದರೂ ಪಕ್ಕದ ಓಣಿಗೆ ಕೇಳುತ್ತದೆ, ಅದಕ್ಕೆ ನಾನೇನು ಮಾಡಲಿ? ನನ್ನ ಮೈಕಿನಲ್ಲಿ ಹಾಯ್ದುಬಂದ ಮಗ್ಗದ ಸದ್ದನ್ನು ಕೇಳಿ, ತನ್ನ ಎಂಜಿನ್ನೇ ಕೆಟ್ಟಿತೆಂದು ಗಾಬರಿಗೊಂಡ ಪೈಲಟ್ ಒಬ್ಬರು ತುರ್ತಾಗಿ ಹುಬ್ಬಳ್ಳಿಯಲ್ಲಿ ಇಳಿದದ್ದೂ ನಿಜ. ಅವರಿಗೆ ಆಗಲೇ ಕ್ಷಮೆ ಕೇಳಿದ್ದೇನೆ, ಊರಿಗೆ ಬಂದರೆ ಒಂದು ಸೀರೆ ನೇಯುವುದನ್ನು ತೋರಿಸುತ್ತೇನೆಂದೂ ಹೇಳಿದ್ದೇನೆ.

ಈಗ ಹೊಟ್ಟೆಯೊಳಗಿನ ಸಂಕಟಕ್ಕೆ ಬರುತ್ತೇನೆ. ತಿಂಗಳಿಗೊಮ್ಮೆ ಬಳಗದವರೆಲ್ಲ ಸೇರಿ ಒಬ್ಬ ಸದಸ್ಯರ ಊರಿಗೆ ವಿಮಾನ ಹಾರಿಸಿಕೊಂಡು ಬರುವ ಪದ್ಧತಿ ಇದೆಯಷ್ಟೆ. ಈ ಸಲ ಚೀಟಿ ಎದ್ದದ್ದು ನಮ್ಮೂರಿನ ಹೆಸರಿಗೆ. ರಬಕವಿಗೂ ಬನಹಟ್ಟಿಗೂ ನಡುವೆ, ಗಿರಮಲ್ಲಪ್ಪ ಕಾಕಾ ಅವರ ಕಬ್ಬಿನ ಹೊಲದಲ್ಲಿ, ಅವರ ಅಪ್ಪಣೆ ಪಡೆದೇ ನಾನು ಕಂಪ್ಯೂಟರಿನೊಳಗೆ ಒಂದು ರನ್‌ವೇ ಹಾಸಿದ್ದೇನೆ. ಕಬ್ಬಿಗೆ ಏನೂ ಆಗುವುದಿಲ್ಲವಷ್ಟೇ ಎಂದು ಅವರು ಮತ್ತೆ ಮತ್ತೆ ಕೇಳಿ ಖಾತ್ರಿ ಮಾಡಿಕೊಂಡಿದ್ದಾರೆ. ಆ ಸಂಜೆ ಜಮಖಂಡಿ ಕಡೆಯಿಂದ, ಬೀಳಗಿ ಕಡೆಯಿಂದ ವಿಮಾನಗಳು ಸಾಲುಗಟ್ಟಿ ಬರುವಾಗ, ಬನಹಟ್ಟಿ ಟವರ್ ಎಂದು ಮಾತಾಡುವ ದನಿ ಯಾರದು? ಪರೀಕ್ಷೆ ಪಾಸಾದರೆ ನನ್ನದು, ಇಲ್ಲವಾದರೆ ತಾವು ಕಳಿಸುವ ಯಾರೋ ಮಹನೀಯರದು. ಅಂಥವರೊಬ್ಬರು ಕಳೆದ ಸಭೆಯಲ್ಲಿ ನಮ್ಮೂರನ್ನು ಬಾಣಟ್ಟಿ ಅಂದಿದ್ದನ್ನು ನಾನು ಕೇಳಿದ್ದೇನೆ. ನಮ್ಮೂರಿಗೆ ಮೊದಲ ಸಲ ವಿಮಾನ ಬರುತ್ತಿರುವಾಗ ಬರಮಾಡಿಕೊಳ್ಳುವವರು ಊರವರೇ ಆಗಬೇಕು ಎಂಬುದು ನನ್ನ ಹಟ, ಅದನ್ನು ಮುಚ್ಚಿಡುವುದಿಲ್ಲ.

ಪರೀಕ್ಷೆಯ ದಿನ ತಾವು ಆ ರನ್‌ವೇಗೇ ಮೂರು ವಿಮಾನಗಳನ್ನು ಒಟ್ಟಿಗೆ ಕಳಿಸಿದಿರಿ. ಮೊದಲನೆಯದನ್ನು ಚೆಂದಾಗಿ ಇಳಿಸಿದೆ. ಅದು ಇನ್ನೂ ರನ್‌ವೇ ಮೇಲೆ ತೆವಳುತ್ತಿರುವಾಗಲೇ ಎರಡನೆಯದು ಬಾಗಿಲಿಗೆ ಬಂತು. ಅದನ್ನು ಹಿಪ್ಪರಗಿ ಬ್ಯಾರೇಜಿನ ಮೇಲೆ ಸುತ್ತುತ್ತಿರಲು ಹೇಳಬೇಕಿತ್ತು, ಹೇಳಲು ಬಾಯಿಯನ್ನೂ ತೆರೆದಿದ್ದೆ. ಅಷ್ಟರಲ್ಲಿ ಹಿಂದೆ ಬತ್ತಿ ಹೊಸೆಯುತ್ತ ಕೂತಿದ್ದ ನಮ್ಮ ಅತ್ತೆ ಹಾಲವ್ವನವರು, ಯಾರೋ ಒಳಗೆ ಬರಲು ಕೇಳುತ್ತಿದ್ದಾರೆಂದು ಮಾತ್ರ ತಿಳಿದವರು, ಅಂದರು: "ಬಾಗಲಕ್ಕ ಬಂದವರನ್ನ ಹೊರಗ ನಿಂದರಸ್ತಾರೇನವಾ? ಒಳಗ ಕರಿ."

ನನಗೆ ಹಾಲು ಕುಡಿದಾಗಿನಿಂದ ಕಲಿಸಿದ್ದು ಅದೇ. ಉಣ್ಣುವ ಹೊತ್ತಿಗೆ ಬಂದವರನ್ನು ಹೊಸ್ತಿಲಾಚೆ ನಿಲ್ಲಿಸಿ ಸುತ್ತು ಹೊಡೆಯಿರಿ ಎನ್ನುವ ನಾಲಿಗೆ ನಮ್ಮ ಮನೆತನದಲ್ಲಿ ಹುಟ್ಟಿಲ್ಲ. ಬರ್ರಿ ಬರ್ರಿ ಎಂದುಬಿಟ್ಟೆ. ಹಿಂದೆ ಮೂರನೆಯವರೂ ಇದ್ದರಲ್ಲ, ಒಬ್ಬರನ್ನು ಕರೆದು ಇನ್ನೊಬ್ಬರನ್ನು ಬಿಟ್ಟರೆ ಅವರಿಗೆ ಬೇಜಾರಾದೀತೆಂದು ಅವರಿಗೂ ಬರ್ರಿ ಅಂದೆ, ಊಟ ಆತೇನ್ರಿ ಎಂದೂ ಕೇಳಿದೆ. ಮುಂದೆ ಗಿರಮಲ್ಲಪ್ಪ ಕಾಕಾ ಅವರ ಕಬ್ಬಿನಲ್ಲಿ ನಡೆದದ್ದು ತಮ್ಮ ಪರದೆಯ ಮೇಲೂ ಕಂಡಿದೆ.

ತಮ್ಮ ತೀರ್ಪಿನ ಸೊಬಗನ್ನು ಎಷ್ಟು ಹೊಗಳಿದರೂ ಸಾಲದು. ಎರಡು ವಿಮಾನ ಡಿಕ್ಕಿಯಾದದ್ದಕ್ಕೆ ಅಂಕ ಕಳೆದಿರಿ, ಒಪ್ಪಿದೆ. ಪ್ರತಿ ಅಪ್ಪಣೆಯ ಕೊನೆಗೂ ರೀ ಸೇರಿಸಿದ್ದಕ್ಕೆ ಅಂಕ ಕಳೆದಿರಿ. ಊಟ ವಿಚಾರಿಸಿದ್ದಕ್ಕೆ ಅಂಕ ಕಳೆದಿರಿ. ಆಕಾಶದಲ್ಲಿ ಹಾರುವವನಿಗೆ ಹಸಿವೇ ಆಗುವುದಿಲ್ಲವೆಂಬ ಸೂಕ್ಷ್ಮ ಸಂಗತಿಯನ್ನು ಕಂಡುಹಿಡಿದ ತಮ್ಮಂಥ ಜ್ಞಾನಿಗಳು ಇನ್ನೂ ಮೈಸೂರಿನಲ್ಲೇ ಉಳಿದಿರುವುದು ನಾಡಿನ ಭಾಗ್ಯ. ಅದರ ಮೇಲೆ, ಪರೀಕ್ಷೆ ಮುಗಿಯುವವರೆಗೂ ನನ್ನನ್ನು ಅಭ್ಯರ್ಥಿ, ಅಭ್ಯರ್ಥಿ ಎಂದೇ ಕರೆದಿರಿ. ಒಂದು ಸಲವಾದರೂ ಬನಹಟ್ಟಿ ಟವರ್ ಅನ್ನಲಿಲ್ಲ. ಡಿಕ್ಕಿಗಿಂತ ನನಗೆ ನೋವಾದದ್ದು ಅದು.

ತಪ್ಪು ಯಾರದೆಂದು ಅತ್ತೆಗೆ ಹೇಳಲೇಬೇಕಾಯಿತು. ರನ್‌ವೇ ಒಂದೇ, ಒಬ್ಬರು ಪೂರ್ತಿ ಹೊರಗೆ ಹೋಗುವವರೆಗೆ ಇನ್ನೊಬ್ಬರನ್ನು ಬಿಡುವಂತಿಲ್ಲ ಎಂದು ವಿವರಿಸಿದೆ. ಅವರು ಬತ್ತಿ ಹೊಸೆಯುವುದನ್ನು ನಿಲ್ಲಿಸಿ ನನ್ನನ್ನೇ ಬೈದರು: "ಮದ್ಲ ಹೇಳಬಾರದೇನ? ಒಂದ ಹಾಸಿನ್ಯಾಗ ಎರಡ ಲಾಳಿ ಬಿಟ್ರ ಎಳಿ ಉಳಿತಾವೇನು?"

ಅಂದಿನಿಂದ ನಮ್ಮ ಮನೆಯಲ್ಲಿ ತಮ್ಮ ನಿಯಮಾವಳಿಗೆ ಅತ್ತೆಗಿಂತ ದೊಡ್ಡ ಭಕ್ತರಿಲ್ಲ. ಮೊನ್ನೆ ಪಕ್ಕದ ಮನೆಯ ಬೋರವ್ವ ಹೆಪ್ಪಿಗೆ ಮೊಸರು ಕೇಳಲು ಬಂದರೆ, ಒಳಗೆ ಆಗಲೇ ಒಬ್ಬರಿದ್ದಾರೆಂದು ಅವಳನ್ನು ಕಟ್ಟೆಯ ಹತ್ತಿರವೇ ತಡೆದು, ಬೇವಿನ ಗಿಡ ಸುತ್ತುತ್ತಿರಲು ಹೇಳಿದರು. ಬೋರವ್ವ ಏನೋ ಹರಕೆಯಿರಬೇಕೆಂದು ತಿಳಿದು, ಸೆರಗು ಹೊದ್ದು ಭಕ್ತಿಯಿಂದ ಸುತ್ತಿದಳು. ಮೊಸರು ಕೊಡುವಾಗ ಅವಳು ಅದಕ್ಕೂ ಕೈಮುಗಿದಳು.

ಇಷ್ಟು ಸುಧಾರಿಸಿದ ಮೇಲೆ ಕೆಲವು ಸಣ್ಣ ಬೇಡಿಕೆಗಳನ್ನು ತಮ್ಮ ಪಾದದಲ್ಲಿ ಇಡುವ ಧೈರ್ಯ ಮಾಡಿದ್ದೇನೆ. ನನಗೊಂದು ಮರುಪರೀಕ್ಷೆ ಬೇಕು, ಅದೂ ಅಮಾವಾಸ್ಯೆಯ ದಿನ. ಅಂದು ನಮ್ಮ ಓಣಿಯ ಮಗ್ಗಗಳಿಗೆ ರಜೆ, ನನ್ನ ದನಿ ತಮ್ಮ ಕಿವಿಗೆ ಹದವಾಗಿ ಬೀಳುತ್ತದೆ. ತಿಂಗಳಿಗೆ ಒಂದೇ ಅಮಾವಾಸ್ಯೆ ಬರುವುದು ಕಡಿಮೆಯೆನಿಸಿದರೆ, ತಾವು ಆಕಾಶದವರು, ಮೇಲೆ ಮಾತಾಡಿ ಇನ್ನೊಂದನ್ನು ಮಂಜೂರು ಮಾಡಿಸಬಹುದು. ತಮ್ಮ ನಕ್ಷೆಯಲ್ಲಿ ಕೃಷ್ಣೆ ಒಣಗಿದ ಮಣ್ಣಿನ ಬಣ್ಣದಲ್ಲಿದ್ದಾಳೆ, ಹಿಪ್ಪರಗಿಯಿಂದ ಮೇಲಕ್ಕೆ ಅಷ್ಟು ನೀರು ಬಿಡಿಸಿಕೊಟ್ಟರೆ ಉಪಕಾರ. ರೀ ಎಂಬುದನ್ನು ಸುರಕ್ಷತೆಯ ಉಪಕರಣವೆಂದು ಘೋಷಿಸಬೇಕು, ಏಕೆಂದರೆ ರೀ ಇಲ್ಲದೆ ಹೇಳಿದ ಮಾತನ್ನು ಮುಧೋಳದ ಆಚೆ ಈಚೆ ಯಾವ ಪೈಲಟ್ಟೂ ಗೌರವದಿಂದ ಪಾಲಿಸಲಾರ. ರನ್‌ವೇ ಪಕ್ಕದಲ್ಲಿ ಚಹಾದ ಅಂಗಡಿಯೊಂದನ್ನು ಹಾಕಿಸಬೇಕೆಂದು ಕೇಳುವವಳಿದ್ದೆ, ಆದರೆ ಚಹಾ ಸಿಕ್ಕರೆ ಇಳಿದವರು ಎದ್ದುಹೋಗುವುದಿಲ್ಲವಾದ್ದರಿಂದ ಅದನ್ನು ನಾನೇ ಹಿಂತೆಗೆದುಕೊಂಡಿದ್ದೇನೆ. ಮಿಕ್ಕದ್ದೆಲ್ಲ ತಮ್ಮ ದೊಡ್ಡ ಮನಸ್ಸಿಗೆ ಬಿಟ್ಟದ್ದು.

ಇನ್ನೊಬ್ಬರ ಬಾಯಲ್ಲಿ ನಮ್ಮೂರು ಬಾಣಟ್ಟಿಯಾಗದಂತೆ ಕಾಪಾಡುವಿರೆಂಬ ಭರವಸೆಯಿಂದ, ರೇಡಿಯೋದಲ್ಲಿ ಅಂಕ ಕಳೆದುಕೊಂಡ ರೀಗಳನ್ನೆಲ್ಲ ಇಲ್ಲಿ ಒಟ್ಟಿಗೆ ಸಲ್ಲಿಸುತ್ತ,

ತಮ್ಮ ವಿಶ್ವಾಸಿ,
ಪೂರ್ಣಿಮಾ
(ಸದ್ಯಕ್ಕೆ ಅಭ್ಯರ್ಥಿ)

ತಾ.ಕ.: ಈ ಪತ್ರವನ್ನು ಗೋಡೆಗೆ ಹಚ್ಚುವ ಮೊದಲೇ ತಮ್ಮ ಸಂದೇಶ ಬಂತು. ಕೇಳದೆಯೇ ಅಮಾವಾಸ್ಯೆಯ ಸಂಜೆಗೆ ಮರುಪರೀಕ್ಷೆ ಇಟ್ಟಿರಿ, ಈ ಸಲ ತಾವೇ ವಿಮಾನ ಹಾರಿಸಿಕೊಂಡು ಬರುವುದಾಗಿಯೂ ತಿಳಿಸಿದಿರಿ. ಇಂದು ಅಮಾವಾಸ್ಯೆ, ಹೇಳಿದಂತೆ ಬಂದಿದ್ದೀರಿ, ಸಂತೋಷ. ಈ ಸಾಲುಗಳನ್ನು ಪರೀಕ್ಷೆಯ ನಡುವೆಯೇ ಬರೆಯುತ್ತಿದ್ದೇನೆ, ಏಕೆಂದರೆ ಸದ್ಯ ನನಗೂ ತಮಗೂ ಬಿಡುವಿದೆ. ತಮಗಿಂತ ಮುಂಚೆ ಇಳಿದ ವಿಮಾನ ನಮ್ಮ ಮನೆಯವರದು. ಅವರು ಅದನ್ನು ರನ್‌ವೇಯ ನಟ್ಟನಡುವೆ ನಿಲ್ಲಿಸಿ, ನನಗೆ ಒಪ್ಪಿಸಿದ ಮಾತಿನಂತೆ ಜೋಳ ಬೀಸಿಸಲು ಗಿರಣಿಗೆ ಹೋಗಿದ್ದಾರೆ. ಗಿರಣಿಯಲ್ಲಿ ಇಂದು ಗದ್ದಲವಂತೆ. ಪರೀಕ್ಷೆಯಲ್ಲಿ ಪರರ ವಿಮಾನ ಮುಟ್ಟುವಂತಿಲ್ಲವೆಂಬುದು ತಮ್ಮದೇ ನಿಯಮ. ಹೊರಗೆ ಯಾರು ಕಾಯುತ್ತಿದ್ದಾರೆಂದು ಅತ್ತೆ ಕೇಳಿದರು. ಮೈಸೂರಿನ ಪರೀಕ್ಷಕರು ಅಂದೆ. ಎಷ್ಟು ದೊಡ್ಡವರಿದ್ದರೂ ನಿಂದರಲಿ ಅಂದರು.

ಈಗಷ್ಟೇ ತಾವು ರೇಡಿಯೋದಲ್ಲಿ, ಮೇಡಂ, ನಿಮ್ಮದು ಊಟ ಆಯ್ತಾ ಎಂದು ಕೇಳಿದಿರಿ. ನಿಯಮಬಾಹಿರವಾದ್ದರಿಂದ ತಮಗೆ ಒಂದು ಅಂಕ ಕಳೆದಿದ್ದೇನೆ. ರೊಟ್ಟಿ ಆಗಬೇಕಾದರೆ ಹಿಟ್ಟು ಬರಬೇಕು, ಹಿಟ್ಟು ಬಂದರೇ ತಮಗೂ ದಾರಿ, ಅಲ್ಲಿಯವರೆಗೆ ಹಿಪ್ಪರಗಿಯ ಮೇಲೆಯೇ ಸುತ್ತುತ್ತಿರಿ ಎಂದೆ. ತಾವು ಒಂದಕ್ಷರ ಬಿಡದೆ ತಿರುಗಿ ಒಪ್ಪಿಸಿದಿರಿ: "ಹಿಟ್ಟು ಬರೋವರೆಗೂ ಹಿಪ್ಪರಗಿ ಮೇಲೆ ಸುತ್ತುತ್ತಾ ಇರ್ತೀನ್ರೀ, ಬನಹಟ್ಟಿ ಟವರ್."

ಆ ರೀಗೆ ಅಂಕ ಕಳೆದಿಲ್ಲ.