ಅಪ್ಪಿಯಕ್ಕನ ಭೂಕಂಪ ಪಡೆ

ಎಂಬತ್ತನಾಲ್ಕನೇ ಇಸವಿಯಲ್ಲಿ ಬೆಳ್ಳಾರೆಯ ನೆಲ ಒಮ್ಮೆ ಮೈಮುರಿದು ಸುಮ್ಮನಾಯಿತು. ಪಾತ್ರೆಗಳು ಕಿಣಿಕಿಣಿ ಎಂದದ್ದು ಬಿಟ್ಟರೆ ಯಾರಿಗೂ ಏನೂ ಆಗಲಿಲ್ಲ. ಆದದ್ದು ಗ್ರಾಮಲೆಕ್ಕಿಗ ಪ್ರೇಮನಾಥನಿಗೆ. ಭೂಕಂಪವಾದರೆ ಮೊದಲು ಯಾರ ನೆರವಿಗೆ ಓಡಬೇಕೋ ಅಂಥ ಮನೆಗಳಿಗೆ ಊರಿನ ನಕ್ಷೆಯಲ್ಲಿ ಕೆಂಪು ಚುಕ್ಕೆ ಇಡಬೇಕೆಂದು ಮೇಲಿನಿಂದ ಅಪ್ಪಣೆ ಬಂತು. ಸಂಜೆಗೆ ಸಾಹೇಬರೇ ನೋಡಲು ಬರುವವರಿದ್ದರು.

ಮೊದಲ ಚುಕ್ಕೆಗೆ ಅವನು ಯೋಚಿಸಲೇ ಇಲ್ಲ. ಎಪ್ಪತ್ತು ದಾಟಿದ ಅಪ್ಪಿಯಕ್ಕ ಮಣ್ಣಿನ ಗೋಡೆಯ ಮನೆಯಲ್ಲಿ ಒಬ್ಬಳೇ ಇದ್ದಳು. ಅವಳ ಜಗಲಿಯಲ್ಲೇ ಕೂತು ನಕ್ಷೆಯಲ್ಲಿ ಚುಕ್ಕೆ ಇಟ್ಟ.

"ಎಂತ ಅದು?" ಎಂದಳು ಅಪ್ಪಿಯಕ್ಕ.

"ನೆಲ ನಡುಗಿದರೆ ನಿಮ್ಮನ್ನು ಮೊದಲು ಎತ್ತಿ ಹೊರಗೆ ತರ್ಲಿಕ್ಕೆ ಗುರುತು."

"ನನ್ನನ್ನು ಎತ್ತುದು ಯಾರು, ನೀನಾ?" ಅವನ ಬಡಕಲು ಮೈಯನ್ನು ಒಮ್ಮೆ ನೋಡಿ, ಮೂಲೆಯಲ್ಲಿದ್ದ ಒನಕೆಯನ್ನು ಒಂದೇ ಕೈಯಲ್ಲಿ ಎತ್ತಿಕೊಂಡಳು. "ಉಜ್ಜು ಅದನ್ನು."

ಪ್ರೇಮನಾಥ ರಬ್ಬರು ತೆಗೆದು ಉಜ್ಜಿದ.

ಪಕ್ಕದ ಚಹಾದಂಗಡಿಯ ಸಂಕಪ್ಪ ಇದನ್ನು ಬೇಲಿಯ ಮೇಲಿನಿಂದ ನೋಡಿದ. ಚುಕ್ಕೆ ಇದ್ದವರನ್ನು ಮೊದಲು ಎತ್ತುತ್ತಾರೆ, ಇಲ್ಲದವರು ಮಣ್ಣಿನಡಿಯಲ್ಲೇ ಬಿದ್ದಿರಬೇಕು ಎಂಬ ಸುದ್ದಿ ಅರ್ಧ ಗಂಟೆಯಲ್ಲಿ ಊರು ಸುತ್ತಿತು.

ಅಡಿಕೆ ಮೂಟೆಯನ್ನು ದಿಂಬಿನಂತೆ ಎತ್ತುವ ತ್ಯಾಂಪಣ್ಣ ದಾರಿಗೆ ಅಡ್ಡ ನಿಂತ. "ನನಗೆ ಸೊಂಟನೋವು ಉಂಟು ಮಾರಾಯ್ರೆ. ಒಂದು ಚುಕ್ಕೆ ಇಡಿ."

ಹರಿಣಾಕ್ಷಿ ಟೀಚರ್ ಬಂದರು. "ನನ್ನ ನಿದ್ದೆ ಗಟ್ಟಿ. ನೆಲ ನಡುಗಿದರೆ ತೊಟ್ಟಿಲಲ್ಲಿ ಮಲಗಿದ ಹಾಗೆ ಇನ್ನೂ ಒಳ್ಳೆ ನಿದ್ದೆ ಬರ್ತದೆ."

"ನಾನು ಮಣ್ಣಿನಡಿಗೆ ಬಿದ್ದರೆ ಎತ್ತುವವರಿಗೆ ಚಹಾ ಕೊಡುದು ಯಾರು?" ಎಂದ ಸಂಕಪ್ಪ.

ಯಾರಿಗೂ ಇಲ್ಲವೆನ್ನಲು ಬಾರದ ಪ್ರೇಮನಾಥ ಇಟ್ಟೇ ಇಟ್ಟ. ಸಂಜೆಯ ಹೊತ್ತಿಗೆ ನಕ್ಷೆ ದಡಾರ ಎದ್ದ ಮಗುವಿನ ಬೆನ್ನಿನಂತಾಗಿತ್ತು.

ಜೀಪಿನಿಂದ ಇಳಿದ ಸಾಹೇಬ ಉದಯಶಂಕರರು ನಕ್ಷೆ ಬಿಡಿಸಿದರು. ಸುತ್ತ ಊರೇ ನೆರೆದಿತ್ತು.

"ಎಲ್ಲರನ್ನೂ ಎತ್ತಬೇಕು. ಸರಿ. ಎತ್ತುವವರು ಯಾರು?"

ತ್ಯಾಂಪಣ್ಣ ಸೊಂಟ ಹಿಡಿದುಕೊಂಡ. ಸಾಹೇಬರ ಬೆರಳು ಚುಕ್ಕೆಯಿಲ್ಲದ ಮನೆಯೊಂದರ ಮೇಲೆ ನಿಂತಿತು.

"ಇದು ಯಾರ ಮನೆ?"

"ನನ್ನದು," ಎಂದು ಅಪ್ಪಿಯಕ್ಕ ಮುಂದೆ ಬಂದಳು.

"ಹಾಗಾದರೆ ರಕ್ಷಣಾ ಪಡೆಗೆ ನೀವೇ ಮುಖ್ಯಸ್ಥರು." ಸಾಹೇಬರು ನಕ್ಷೆಯನ್ನು ಇನ್ನೊಮ್ಮೆ ನೋಡಿದರು. "ಚುಕ್ಕೆ ಇಲ್ಲದ ಮನೆ ಇನ್ನೊಂದೇ ಉಂಟು. ಇದು?"

"ನನ್ನ ಬಿಡಾರ ಸಾರ್," ಎಂದ ಪ್ರೇಮನಾಥ. ಊರಿನ ಗಡಿಬಿಡಿಯಲ್ಲಿ ತನ್ನದನ್ನೇ ಮರೆತಿದ್ದ.

"ಒಳ್ಳೇದಾಯ್ತು. ನೀವೇ ಅವರ ಪಡೆ. ಅವರು ಹೇಳಿದ ಹಾಗೆ ಅಭ್ಯಾಸ ಮಾಡಿ."

ಮರುದಿನ ಬೆಳಿಗ್ಗೆ ಊರವರೆಲ್ಲ ಚಹಾ ಹೀರುತ್ತ ಅಭ್ಯಾಸ ನೋಡಲು ನಿಂತರು. ಪಡೆ ಅಪ್ಪಿಯಕ್ಕನ ಮನೆಯ ಮಾಡಿನ ಮೇಲೆ ಕೂತು ಒಡೆದ ಹಂಚು ಇಳಿಸಿ ಹೊಸತು ಹೊದಿಸುತ್ತಿತ್ತು.

"ಬೇಗ ಬೇಗ," ಎಂದಳು ಮುಖ್ಯಸ್ಥೆ ಕೆಳಗಿನಿಂದ. "ಭೂಕಂಪ ಇಷ್ಟು ಹೊತ್ತು ಕಾಯುದಿಲ್ಲ."